ಮಲೆನಾಡಿನ ಮಳೆಯಲ್ಲಿ ಸೋಲಾರ್ ಕೆಲಸ ಸಿಗುತ್ತಾ?

ಐಟಿಐ ಮುಗಿಸಿದ್ದೀರಿ, ತೀರ್ಥಹಳ್ಳಿ ಬಿಟ್ಟು ಹೋಗಲು ಮನಸ್ಸಿಲ್ಲ, ಈ ಮಳೆಯೂರಲ್ಲಿ ಸೋಲಾರ್ ನಂಬಬಹುದಾ, ಯಾವ ಸರ್ಟಿಫಿಕೇಟ್ ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡ್ಕೊಂಡು ತಿರುಗಿದವನೇ. ಮಾರಾಯ್ರೆ, ಇಲ್ಲಿ ನಮಗೆ ಕೆಲಸ ಕೊಡೋದೇ ಮಳೆ, ಸಿಡಿಲು.

ಸರ್ಟಿಫಿಕೇಟ್ ಬೇಕಂದ್ರೆ ಸೂರ್ಯಮಿತ್ರ ಅನ್ನೋ ಸರ್ಕಾರಿ ಸೋಲಾರ್ ತರಬೇತಿ ಮಾಡಿ, ಸಾಕು. 2024ರಲ್ಲಿ ಮನೆ ಚಾವಣಿ ಸೋಲಾರ್‌ಗೆ ಪಿಎಂ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂದಮೇಲೆ ಪ್ಯಾನೆಲ್ ಕೂರಿಸೋರಿಗೆ ಬರ ಇಲ್ಲ. ಕೂರಿಸಿದ್ದು ಜೂನ್‌ನಲ್ಲಿ ಕೆಟ್ಟಾಗ ಬರೋರು ಬೇಕು. ರಿಪೇರಿ ಕಲಿಯಿರಿ.

ಹೆಚ್ಚಿನ ದೂರುಗಳ ಬೇರು ಎಂಸಿ4 ಕನೆಕ್ಟರ್, ಅಂದ್ರೆ ಪ್ಯಾನೆಲ್ ವೈರುಗಳನ್ನು ಜೋಡಿಸೋ ಪ್ಲಗ್. ಪಿನ್ನನ್ನು ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿ ಬಿಡ್ತಾರೆ. ಹಿಡಿತ ಸಡಿಲ, ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತೆ, ನೀರು ಇಳಿಯುತ್ತೆ. 4 ಚದರ ಮಿ.ಮೀ. ಕೇಬಲ್ಲಿನ ಸಿಪ್ಪೆ ಸುಮಾರು 7 ಮಿ.ಮೀ. ಮಾತ್ರ ತೆಗೆಯಿರಿ, ಕ್ರಿಂಪಿಂಗ್ ಟೂಲ್‌ನ ಅದೇ ಅಳತೆಯ ಕಚ್ಚಿನಲ್ಲಿ ಒತ್ತಿ, ಎಳೆದು ನೋಡಿ, 'ಟಕ್' ಅನ್ನೋವರೆಗೆ ಒಳಗೆ ತಳ್ಳಿ, ಹಿಂದಿನ ನಟ್ಟನ್ನು ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿ. ಗಂಡು ಒಂದು ಕಂಪನಿ, ಹೆಣ್ಣು ಇನ್ನೊಂದು ಕಂಪನಿ ಬೇಡವೇ ಬೇಡ. ಕನೆಕ್ಟರ್ ಹೆಂಚಿನ ಮೇಲೆ ನೀರಲ್ಲಿ ಬಿದ್ದಿರದಂತೆ ಪ್ಯಾನೆಲ್ ಹೊತ್ತ ಲೋಹದ ಪಟ್ಟಿಗೆ ಕಟ್ಟಿ.

ಹೀಗೆ ನೀರು ಇಳಿದ ಕಡೆ ಬೆಳಗ್ಗೆ ಇನ್ವರ್ಟರ್ 'ಐಸೊಲೇಷನ್ ಫಾಲ್ಟ್' (ಕರೆಂಟ್ ನೆಲಕ್ಕೆ ಸೋರುತ್ತಿದೆ) ಅನ್ನುತ್ತೆ, ಬಿಸಿಲೇರಿದರೆ ತಾನೇ ಸರಿಹೋಗುತ್ತೆ. ಮಧ್ಯಾಹ್ನ ಹೋದರೆ ಏನೂ ಸಿಗಲ್ಲ, ಇಬ್ಬನಿ ಆರುವ ಮೊದಲೇ ಹೋಗಿ. ಮೊದಲು ಎಸಿ, ಆಮೇಲೆ ಡಿಸಿ ಐಸೊಲೇಟರ್ ಸ್ವಿಚ್ ಆಫ್ ಮಾಡಿ ಸ್ಟ್ರಿಂಗನ್ನು, ಅಂದ್ರೆ ಒಂದಕ್ಕೊಂದು ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳನ್ನು, ಇನ್ವರ್ಟರ್‌ನಿಂದ ಬಿಡಿಸಿ. ಕರೆಂಟ್ ಹರಿಯುವಾಗ ಕನೆಕ್ಟರ್ ಎಳೆದರೆ ಡಿಸಿ ಕಿಡಿ ಆರಲ್ಲ, ಕೈ ಸುಡುತ್ತೆ. ತಲಾ 40 ವೋಲ್ಟಿನ 10 ಪ್ಯಾನೆಲ್ ಇವೆ ಅಂತಿಟ್ಟುಕೊಳ್ಳಿ. ಮೀಟರ್ ಹಿಡಿದು ನೋಡಿ. ಪಾಸಿಟಿವ್‌ನಿಂದ ಅರ್ಥ್‌ಗೆ 120 ವೋಲ್ಟ್, ನೆಗೆಟಿವ್‌ನಿಂದ 280 ವೋಲ್ಟ್ ನಿಂತರೆ ಪಾಸಿಟಿವ್ ಕಡೆಯಿಂದ 3 ಮತ್ತು 4ನೇ ಪ್ಯಾನೆಲ್ ನಡುವೆ ಸೋರಿಕೆ. ದೋಷ ಇಲ್ಲದ ಸ್ಟ್ರಿಂಗಲ್ಲಿ ರೀಡಿಂಗ್ ನಿಲ್ಲದೆ ಇಳಿದುಹೋಗುತ್ತೆ. ಮೀಟರ್ 1000 ವೋಲ್ಟ್ ಡಿಸಿ ತಡೆಯುವಂಥದ್ದೇ ಇರಲಿ.

ಅರ್ಥಿಂಗ್‌ನಲ್ಲಿ ಜಂಬಿಟ್ಟಿಗೆ ಮಣ್ಣು ಕೈಕೊಡುತ್ತೆ. ಏಪ್ರಿಲ್‌ನಲ್ಲಿ ಒಣಗಿ ರೆಸಿಸ್ಟೆನ್ಸ್ ಏರುತ್ತೆ, ಸಿಡಿಲು ಹೊಡೆಯೋದೂ ಆಗಲೇ. ಹಾಗಾಗಿ ಮಳೆಗಾಲದ ರೀಡಿಂಗ್ ನಂಬಬೇಡಿ, ಬೇಸಿಗೆಯಲ್ಲಿ ಅಳೆದು 5 ಓಮ್ ಒಳಗೆ ತನ್ನಿ. ಒಂದು 3 ಮೀಟರ್ ರಾಡಿಗೆ ಬಗ್ಗದಿದ್ದರೆ 6 ಮೀಟರ್ ದೂರ ಇನ್ನೊಂದು ಹೊಡೆದು ಜೋಡಿಸಿ, ಸುತ್ತ ತೇವ ಹಿಡಿದಿಡೋ ಬೆಂಟೊನೈಟ್ ಜೇಡಿ ತುಂಬಿ. ಸಿಡಿಲಿನ ಹೊಡೆತ ತಡೆಯೋ ಎಸ್‌ಪಿಡಿಯ (ಸರ್ಜ್ ಪ್ರೊಟೆಕ್ಟರ್) ಕಿಟಕಿ ಕೆಂಪಾಗಿದ್ದರೆ ಅದು ಸತ್ತಿದೆ, ಬದಲಿಸಿ. ಇಷ್ಟನ್ನು ಮೇ ಒಳಗೇ ಮುಗಿಸಿಕೊಳ್ಳಿ. ಆಮೇಲೆ ಹೆಂಚೆಲ್ಲ ಪಾಚಿ, ಹತ್ತೋಕಾಗಲ್ಲ.