ರೇಡಿಯೇಷನ್ ನಡೆಯುವಾಗ ನಾಲಿಗೆ ಬೆಳ್ಳಗಾದರೆ ಕ್ಯಾನ್ಸರ್ ಹರಡಿದೆ ಅಂತಾನಾ?

ನಿಮ್ಮ ಅಪ್ಪನವರಿಗೆ ಗಂಟಲು ಕ್ಯಾನ್ಸರ್, ರೇಡಿಯೇಷನ್ ನಾಲ್ಕನೇ ವಾರ, ನಾಲಿಗೆ ಮೇಲೆ ಒಡೆದ ಹಾಲಿನಂಥ ಬಿಳಿ ಪದರ ಬಂದಿದೆ, ಕ್ಯಾನ್ಸರ್ ಹರಡಿತಾ ಅಂತ ಕೇಳಿದ್ದೀರಿ. ಹೆದರಬೇಡಿ. ಈ ಹೊತ್ತಿನಲ್ಲಿ ಹೀಗೆ ಬರೋದು ಸಾಮಾನ್ಯವಾಗಿ ಫಂಗಸ್. ಆದರೂ ನಾಳೆ ರೇಡಿಯೇಷನ್‌ಗೆ ಹೋದಾಗಲೇ ಡಾಕ್ಟರಿಗೆ ಬಾಯಿ ತೋರಿಸಿ.

ನಮ್ಮ ಅವ್ವಗೆ ಕೆನ್ನೆಯೊಳಗೆ ಕ್ಯಾನ್ಸರ್ ಆಗಿತ್ತು. ಸೇಡಂ ಕಡೆಯ ಹಳ್ಳಿಯಿಂದ ಬಂದು ಕಲಬುರಗಿಯಲ್ಲಿ ಖೋಲಿ ಹಿಡಿದಿದ್ದೆವು, ವಾರಕ್ಕೆ 5 ದಿನ ರೇಡಿಯೇಷನ್. ಮೂರನೇ ವಾರಕ್ಕೆ ರೊಟ್ಟಿ ಬಿಟ್ಟಳು, ಅಂಬಲಿಯೂ ಉರಿಯುತ್ತೆ ಅಂದಳು. ಬಾಯಿ ನೋಡಿದರೆ ಬೆಳ್ಳಗೆ. ಹೊಲಸು ಅಂದುಕೊಂಡು ನಾನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದೆ, ಕೆಳಗೆ ಹಸಿ ಗಾಯ ಇತ್ತು, ರಕ್ತ ಬಂತು, ಅವ್ವ ಅತ್ತಳು. ನೀವು ಉಜ್ಜಬೇಡಿ.

ಕ್ಯಾಂಡಿಡಾ ಅನ್ನೋ ಈ ಫಂಗಸ್ ಗಟ್ಟಿಮುಟ್ಟಾಗಿರೋ ಎಷ್ಟೋ ಜನರ ಬಾಯಲ್ಲೂ ಇರುತ್ತದೆ. ಜೊಲ್ಲು ಅದನ್ನು ತೊಳೆಯುತ್ತಾ ಹದ್ದುಬಸ್ತಿನಲ್ಲಿ ಇಡುತ್ತದೆ. ರೇಡಿಯೇಷನ್‌ಗೆ ಜೊಲ್ಲಿನ ಗ್ರಂಥಿ ಸೊರಗಿ ಬಾಯಿ ಒಣಗಿತೋ, ಅದು ಬೆಳೆಯುತ್ತದೆ. ಜೊತೆಗೆ ಕಿಮೋ ಇದ್ದರೆ ಸೋಂಕು ತಡೆಯೋ ಬಿಳಿ ರಕ್ತಕಣಗಳೂ ಇಳಿಯುತ್ತವೆ, ಆಗ ಇನ್ನೂ ಜಾಸ್ತಿ. ಕೆಲವರಿಗೆ ಬಿಳಿ ಕಾಣೋದೇ ಇಲ್ಲ, ಬರೀ ಕೆಂಪು ಮತ್ತು ಉರಿ. ಅವ್ವಗೆ ಕ್ಲೋಟ್ರಿಮಜೋಲ್ ಅನ್ನೋ ಬಾಯಿಗೆ ಹಚ್ಚುವ ಔಷಧಿ ಕೊಟ್ಟಿದ್ದರು. ಕೆಲವರಿಗೆ ಫ್ಲುಕೊನಜೋಲ್ ಮಾತ್ರೆ ಕೊಡುತ್ತಾರೆ. ಅದು ಬೇರೆ ಕೆಲವು ಔಷಧಿಗಳ ಜೊತೆ ಹೊಂದುವುದಿಲ್ಲ, ಅಪ್ಪನವರು ತಗೊಳ್ಳೋ ಮಾತ್ರೆಗಳನ್ನೆಲ್ಲ ಡಾಕ್ಟರ ಮುಂದೆ ಇಡಿ. ಬಿಳಿ ಹೋಯ್ತು ಅಂತ ನಡುವೆ ನಿಲ್ಲಿಸಬೇಡಿ.

ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ಇದರಿಂದ ಫಂಗಸ್ ಸಾಯಲ್ಲ, ಬಾಯಿ ಹಗುರಾಗುತ್ತದೆ ಅಷ್ಟೇ. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು ತೊಳೆದಿಡಿ, ಫಂಗಸ್ ಅದಕ್ಕೂ ಅಂಟಿಕೊಂಡಿರುತ್ತದೆ.

ಬ್ಯಾಕ್ಟೀರಿಯಾದ ಕಥೆ ಬೇರೆ, ಇದನ್ನು ನಮಗೆ ಯಾರೂ ಮೊದಲು ಹೇಳಲಿಲ್ಲ. ಬಾಯಿ ಒಣಗುತ್ತೆ ಅಂತ ನೆಂಟರ ಮಾತು ಕೇಳಿ ಅವ್ವಗೆ ದಿನಾ ಕಲ್ಲುಸಕ್ಕರೆ ಚೀಪಿಸಿದೆವು. ಜೊಲ್ಲಿಲ್ಲದ ಬಾಯಲ್ಲಿ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ, ಅದನ್ನು ತೊಳೆಯೋಕೆ ಏನೂ ಇರಲ್ಲ. ವರ್ಷದೊಳಗೆ ಒಸಡಿನ ಬುಡದಲ್ಲೇ ನಾಲ್ಕು ಹಲ್ಲು ಕಪ್ಪಾದವು. ರೇಡಿಯೇಷನ್ ಬಿದ್ದ ದವಡೆಯಲ್ಲಿ ಹಲ್ಲು ಕಿತ್ತರೆ ಮೂಳೆ ಬೇಗ ಮಾಯಲ್ಲ, ಹಾಗಾಗಿ ಮುಂದೆ ಯಾವ ಹಲ್ಲಿನ ಡಾಕ್ಟರ ಹತ್ತಿರ ಹೋದರೂ ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ. ಹಲ್ಲು ಹುಳುಕಾಗದಂತೆ ಹಚ್ಚುವ ಫ್ಲೋರೈಡ್ ಬಗ್ಗೆ ಡಾಕ್ಟರನ್ನು ಈಗಲೇ ಕೇಳಿ.

ಕಿಮೋನೂ ನಡೆದಿದ್ದರೆ ಜ್ವರದ ಕಡೆ ಗಮನ ಇರಲಿ. ಬಾಯಿ ಹುಣ್ಣಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಬಹುದು. 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅನ್ನಬೇಡಿ, ರಾತ್ರಿನೇ ಆಸ್ಪತ್ರೆಗೆ ಹೋಗಿ.

ಅವ್ವನ ಬಿಳಿ ಹತ್ತು ದಿನದಲ್ಲಿ ಹೋಯಿತು. ಒಣಗೋದು ಮಾತ್ರ ಇನ್ನೂ ಇದೆ, ದಿಂಬಿನ ಪಕ್ಕ ನೀರಿನ ಬಾಟಲಿ ಇಟ್ಟುಕೊಂಡೇ ಮಲಗುತ್ತಾಳೆ.