ಜೋಳದ ರೊಟ್ಟಿ ತಿಂದರೂ ಹೊಟ್ಟೆನೋವಾ? ಗಿರಣಿ ನೋಡಿ

ನಮಸ್ಕಾರ. ಮಗಳಿಗೆ ಸೀಲಿಯಾಕ್ (ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಕರುಳಿಗೆ ಆಗದ ಕಾಯಿಲೆ) ಅಂತ ಗೊತ್ತಾದ ಮೇಲೆ ಚಪಾತಿ ಬಿಡಿಸಿ ಬರೀ ಜೋಳದ ರೊಟ್ಟಿ ಕೊಡುತ್ತಿದ್ದೀರಿ, ಆದರೂ ಹೊಟ್ಟೆನೋವು ನಿಂತಿಲ್ಲ ಅಂತ ಬರೆದಿದ್ದೀರಿ. ಹಿಟ್ಟು ಎಲ್ಲಿ ಬೀಸಿಸುತ್ತೀರಿ?

ನಾನೂ ಪುಣೆಯಲ್ಲೇ ಇರೋದು, ನನಗೂ ಇದೇ ಕಾಯಿಲೆ. ಕೋಥ್ರೂಡಿನ ನಮ್ಮ ಓಣಿಯ ಗಿರಣಿಯಲ್ಲಿ ದಿನವಿಡೀ ಗೋಧಿ ಬೀಸುತ್ತಾರೆ. ಅದರ ಹಿಂದೆಯೇ ಜೋಳ ಹಾಕಿದರೆ ಕಲ್ಲಲ್ಲಿ ಉಳಿದ ಗೋಧಿಹಿಟ್ಟು ನಮ್ಮ ಡಬ್ಬಿಗೇ ಬರುತ್ತದೆ. ಮೊದಲು ಒಂದಿಷ್ಟು ಅಕ್ಕಿ ಬೀಸಿಸಿದರೂ ಪೂರ್ತಿ ಹೋಗಲ್ಲ. ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಹಾಕಬೇಕಾದರೆ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅನ್ನೋದು ನಮ್ಮ ದೇಶದ ನಿಯಮ. ಅದನ್ನು ದಾಟೋಕೆ ಒಂದು ಚಿಟಿಕೆ ಗೋಧಿಹಿಟ್ಟು ಸಾಕು! ನಾನು ಕೊನೆಗೆ ಮನೆಗೇ ಸಣ್ಣ ಗಿರಣಿ ತಂದೆ. ದುಬಾರಿ ನಿಜ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಜೋಳದಲ್ಲೂ ಗೋಧಿ ಕಾಳು ಸೇರಿರುತ್ತವೆ, ಆರಿಸಿ, ತೊಳೆದು, ಒಣಗಿಸಿಯೇ ಬೀಸಿ.

ಇಂಗಿನ ಡಬ್ಬಿಯನ್ನೂ ಓದಿ ನೋಡಿ. ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ದಿನಾ ಸಾರಿಗೆ ಹಾಕೋದು ಅದೇ ಅಲ್ವಾ? ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ.

ಉಳಿದವರಿಗೆ ಚಪಾತಿ ಮಾಡುವ ಹಂಚು, ಮಣೆ, ಲಟ್ಟಣಿಗೆ ಮಗಳ ಅಡುಗೆಗೆ ಬೇಡ. ಮರದ ಸಂದಿಯಲ್ಲಿ ಕೂತ ಹಿಟ್ಟು ತೊಳೆದರೂ ಹೋಗಲ್ಲ. ಹೋಟೆಲಿನಲ್ಲಿ ಸಾದಾ ದೋಸೆಯೂ ಬೇಡ, ರವೆ ದೋಸೆ ಹುಯ್ಯೋದು ಅದೇ ಕಾವಲಿ ಮೇಲೆ.

ಇಷ್ಟೆಲ್ಲಾ ಮಾಡಿಯೂ ನೋವು ನಿಲ್ಲದಿದ್ದರೆ ಸುಮ್ನೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಬೇರೆ ಕಾರಣವೂ ಇರಬಹುದು.