ಅಮ್ಮನ ಮರೆವು ನನಗೂ ಬರುತ್ತದಾ? ಪ್ರೆಸೆನಿಲಿನ್ ಜೀನ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನನಗೆ 46 ವರ್ಷ, ಮನೆ ಕಾಪು ಹತ್ತಿರ. ಅಮ್ಮನಿಗೆ 78. ಮೂರು ವರ್ಷದಿಂದ ಅಲ್ಝೈಮರ್ ಅಂತ ಮದ್ದು ನಡೆಯುತ್ತಿದೆ. ದೊಡ್ಡಮ್ಮನಿಗೂ ಎಂಬತ್ತರ ಮೇಲೆ ಹೀಗೇ ಆಗಿತ್ತು. ದುಬೈಯಲ್ಲಿರುವ ತಮ್ಮ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿದ್ದಾನೆ. ಪ್ರೆಸೆನಿಲಿನ್ ಎಂಬ ಜೀನ್ ಕೆಟ್ಟಿದ್ದರೆ ಅಲ್ಝೈಮರ್ ಗ್ಯಾರಂಟಿಯಂತೆ, ಎಂಜಲು ಕಳಿಸಿದರೆ ಟೆಸ್ಟ್ ಮಾಡಿಕೊಡುತ್ತಾರಂತೆ. ನಮ್ಮದು ಅಳಿಯಕಟ್ಟು, ಬಳಿ ಅಂದರೆ ಕುಲ ಬರುವುದು ಅಮ್ಮನಿಂದ. ಹಾಗಾದರೆ ಇದು ನನಗೆ, ನನ್ನ ಮಗಳಿಗೆ ಬರುತ್ತದೆ, ತಮ್ಮನ ಮಕ್ಕಳಿಗೆ ಬರುವುದಿಲ್ಲ ಅಂತಲಾ? ಮೊನ್ನೆ ಗ್ಯಾಸ್ ಮೇಲೆ ಹಾಲಿಟ್ಟು ಮರೆತೆ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಉತ್ತರ: ಹಾಲಿನಿಂದಲೇ ಶುರು ಮಾಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿದ್ದು ಅದೇ ತಾನೆ. ಸುಟ್ಟ ವಾಸನೆ ಬಂದ ಕೂಡಲೇ ‘ಅಯ್ಯೋ, ಹಾಲು!’ ಅಂತ ಓಡಿರುತ್ತೀರಿ, ಅಲ್ವಾ? ಅಂದರೆ ನೆನಪು ಒಳಗೇ ಇತ್ತು, ಗಮನ ಬೇರೆಲ್ಲೋ ಇತ್ತು. ಹಗಲಿಡೀ ಅಮ್ಮನ ಹಿಂದೆ ಓಡಾಡಿ ರಾತ್ರಿ ಎರಡು ಸಲ ಎದ್ದು ನೋಡುವವರ ಮನೆಯಲ್ಲಿ ಹಾಲು ಉಕ್ಕದಿದ್ದರೇ ಆಶ್ಚರ್ಯ. ಒಲೆ ಹೊತ್ತಿಸಿದ್ದೇ ನೆನಪಿಲ್ಲ, ನಾನು ಹಾಲಿಡಲೇ ಇಲ್ಲ ಅಂತ ನೀವು ಜಗಳಕ್ಕೆ ನಿಂತರೆ, ಅದೂ ಮತ್ತೆ ಮತ್ತೆ ಆದರೆ, ಆಗ ಡಾಕ್ಟರ್ ಹತ್ತಿರ ಬನ್ನಿ.

ಇನ್ನು ತಮ್ಮನ ಮೆಸೇಜು. ಅದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ.

ಪ್ರೆಸೆನಿಲಿನ್ ಅಂದರೆ ಎಂತ? ನಮ್ಮ ಕಡೆ ಬೀಡಿ ಕಟ್ಟಿದ ಕೈಗಳಿಗೆ ಇದು ಬೇಗ ಗೊತ್ತಾಗುತ್ತದೆ. ಎಲೆಯ ಮೇಲೆ ಅಳತೆಯ ತಗಡು ಇಟ್ಟು ಕತ್ತರಿಸುತ್ತಾರಲ್ಲ, ಹಾಗೆ ನರಕೋಶದ ಹೊರಪೊರೆಯಲ್ಲಿ ಗಾಮಾ ಸೀಕ್ರಿಟೇಸ್ ಎಂಬ ಒಂದು ಕತ್ತರಿ ಇದೆ. ನಾಲ್ಕು ಪ್ರೋಟೀನ್ ಸೇರಿ ಆದ ಕತ್ತರಿ ಅದು. ನಿಕಾಸ್ಟ್ರಿನ್, ಎಪಿಎಚ್-1, ಪೆನ್-2 ಮೂರೂ ಹಿಡಿ, ತಿರುಪು ಇದ್ದ ಹಾಗೆ. ಅಲಗು ಮಾತ್ರ ಪ್ರೆಸೆನಿಲಿನ್. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಎಂಬ ಕೊಂಡಿಗಳ ಸರಪಳಿ. ಎಪಿಪಿ ಎಂಬ ಇನ್ನೊಂದು ಪ್ರೋಟೀನನ್ನು ಮೊದಲು ಬೀಟಾ ಸೀಕ್ರಿಟೇಸ್ ಎಂಬ ಬೇರೊಂದು ಕತ್ತರಿ ಹೊರಗಿನಿಂದ ಕತ್ತರಿಸುತ್ತದೆ, ಉಳಿದ ತುಂಡನ್ನು ನಮ್ಮ ಗಾಮಾ ಕತ್ತರಿ ಹಿಡಿದು ಹೆಚ್ಚುಕಮ್ಮಿ ಮೂರು ಮೂರು ಕೊಂಡಿಯಂತೆ ಸವರುತ್ತಾ ಹೋಗುತ್ತದೆ, ಕೊನೆಗೆ ಹೆಚ್ಚಾಗಿ 40 ಕೊಂಡಿಯ ಚೂರು ಬಿಟ್ಟುಬಿಡುತ್ತದೆ. ಅದು ಬೀಟಾ ಅಮೈಲಾಯ್ಡ್. ಎಲ್ಲರ ಮಿದುಳಿನಲ್ಲೂ ದಿನಾ ನಡೆಯುವ ಕೆಲಸ ಇದು, ರೋಗ ಅಲ್ಲ.

ಪ್ರೆಸೆನಿಲಿನ್ ಜೀನಿನಲ್ಲಿ ದೋಷ ಇದ್ದವರಲ್ಲಿ ಅಲಗು ಜಾಸ್ತಿ ಹರಿತ ಆಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಕೇಸಲ್ಲಿ ತಿರುಗಾಮುರುಗ. ಅಲಗು ಮೊಂಡಾಗಿ, ಕೆಲಸ ಅರ್ಧಕ್ಕೇ ಬಿಟ್ಟು ಕೈ ಜಾರುತ್ತದೆ. ಆಗ 42, 43 ಕೊಂಡಿಯ ಉದ್ದ ಚೂರುಗಳ ಪಾಲು ಜಾಸ್ತಿ ಆಗುತ್ತದೆ. ಎರಡು ಕೊಂಡಿ ಎಷ್ಟು ಮಹಾ ಅನಿಸಬಹುದು, ಆದರೆ ಆ ಎರಡರಿಂದ ಚೂರು ಅಂಟಂಟಾಗಿ ಒಂದಕ್ಕೊಂದು ಮೆತ್ತಿಕೊಂಡು ಗಂಟು ಕಟ್ಟುತ್ತದೆ. ಮರೆವು ಶುರುವಾಗುವ ಹತ್ತಿಪ್ಪತ್ತು ವರ್ಷ ಮೊದಲೇ ಈ ಗಂಟು ಕೂಡಲು ಶುರು.

ಕತ್ತರಿಯನ್ನೇ ನಿಲ್ಲಿಸುವ ಮದ್ದು ಕೊಟ್ಟರಾಯ್ತಲ್ಲ? ಕೊಟ್ಟು ನೋಡಿದ್ದಾರೆ. ಸೆಮಗಾಸೆಸ್ಟಾಟ್ ಎಂಬ ಮದ್ದಿನ ದೊಡ್ಡ ಪ್ರಯೋಗವನ್ನು 2010ರಲ್ಲಿ ಅರ್ಧಕ್ಕೆ ನಿಲ್ಲಿಸಬೇಕಾಯಿತು, ರೋಗಿಗಳು ಸುಧಾರಿಸುವ ಬದಲು ಇನ್ನೂ ಕುಸಿದರು, ಚರ್ಮದ ಕ್ಯಾನ್ಸರೂ ಜಾಸ್ತಿ ಕಂಡಿತು. ಅದೇ ಕತ್ತರಿ ನಾಚ್ ಮುಂತಾದ ಬೇರೆ ಎಷ್ಟೋ ಪ್ರೋಟೀನುಗಳನ್ನೂ ಕತ್ತರಿಸಬೇಕು ನೋಡಿ.

ಈ ಅಲಗಿನ ಜೀನುಗಳು ಎರಡು, ಎರಡನ್ನೂ ಪತ್ತೆ ಮಾಡಿದ್ದು 1995ರಲ್ಲಿ. ಪ್ರೆಸೆನಿಲಿನ್-1 ಇರುವುದು 14ನೇ ಕ್ರೋಮೋಸೋಮ್‌ನಲ್ಲಿ, ಪ್ರೆಸೆನಿಲಿನ್-2 ಒಂದನೆಯದರಲ್ಲಿ. ಒಂದನೇ ಜೀನಿನಲ್ಲೇ ರೋಗ ತರುವ 300ಕ್ಕೂ ಹೆಚ್ಚು ದೋಷಗಳು ಸಿಕ್ಕಿವೆ. ಇಷ್ಟಿದ್ದರೂ 21ನೇ ಕ್ರೋಮೋಸೋಮ್‌ನ ಎಪಿಪಿ ಜೀನನ್ನೂ ಸೇರಿಸಿ ಲೆಕ್ಕ ಹಾಕಿದರೆ, ಅಲ್ಝೈಮರ್ ಇರುವ ನೂರು ಜನರಲ್ಲಿ ಒಬ್ಬರಿಗೂ ಇದು ಕಾರಣ ಅಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಮ್ಮನ ಪ್ರಾಯದಲ್ಲಿ. ಪ್ರೆಸೆನಿಲಿನ್-1 ದೋಷ ಇದ್ದರೆ ಕಾಯಿಲೆ ಬರುವುದು ಸಾಧಾರಣ 30ರಿಂದ 60ರ ಒಳಗೆ. ಅರವತ್ತಕ್ಕೆ ಅರಳು ಮರಳು ಅಂತಾರೆ, ಆದರೆ ಇವರಿಗೆ ನಲವತ್ತಕ್ಕೇ. ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುತ್ತಾರೆ, ಕೆಲಸದಲ್ಲಿ ತಪ್ಪುಗಳಾಗುತ್ತವೆ, ಎಲ್ಲರೂ ಟೆನ್ಷನ್ ಅಂತಾರೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಕೆಲವರಿಗೆ ಕಾಲು ಸೆಡೆದುಕೊಳ್ಳುತ್ತದೆ. ಅಜ್ಜ, ಅಪ್ಪ, ಮಗ ಅಂತ ತಲೆಮಾರು ತಪ್ಪದೆ ಹೆಚ್ಚುಕಮ್ಮಿ ಒಂದೇ ವಯಸ್ಸಿಗೆ ಬರುತ್ತದೆ. ಪ್ರೆಸೆನಿಲಿನ್-2 ಸ್ವಲ್ಪ ತಡವಾಗಿ ಬರಬಹುದು, ಆದರೆ ಅದು ಇನ್ನೂ ಅಪರೂಪ. ನಿಮ್ಮ ಅಮ್ಮನಿಗೆ ಶುರುವಾದದ್ದು 75ಕ್ಕೆ, ದೊಡ್ಡಮ್ಮನಿಗೆ ಎಂಬತ್ತರ ಮೇಲೆ. ಇದು ಪ್ರೆಸೆನಿಲಿನ್ ಮನೆತನದ ಲಕ್ಷಣ ಅಲ್ಲ ಮಾರಾಯ್ರೆ.

ಅಳಿಯಕಟ್ಟಿನ ಮಾತು ಓದಿ ನಗು ಬಂತು, ತಪ್ಪು ತಿಳಿಯಬೇಡಿ, ಪ್ರಶ್ನೆ ಒಳ್ಳೆಯದೇ. ಬಳಿ ಅಮ್ಮನಿಂದ ಬರಲಿ, ಆಸ್ತಿ ಸೋದರಮಾವನಿಂದ ಬರಲಿ, 14ನೇ ಕ್ರೋಮೋಸೋಮ್‌ಗೆ ಆ ಕಟ್ಟು ಗೊತ್ತಿಲ್ಲ. ಎಲ್ಲರಿಗೂ ಅದು ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬರುತ್ತದೆ. ಇಬ್ಬರಲ್ಲಿ ಯಾರಿಗೆ ದೋಷ ಇದ್ದರೂ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮಗೆಷ್ಟೋ ತಮ್ಮನಿಗೂ ಅಷ್ಟೇ.

ಗ್ಯಾರಂಟಿ ಅನ್ನುವ ಮಾತಿಗೆ ಕೊಲಂಬಿಯಾದ ಆಂಟಿಯೋಕಿಯಾ ಪ್ರಾಂತ್ಯದ ಕಥೆ ಹೇಳಬೇಕು. ಅಲ್ಲಿ ಸಾವಿರಾರು ಜನರ ಒಂದು ದೊಡ್ಡ ಬಂಧುಬಳಗದಲ್ಲಿ ಪ್ರೆಸೆನಿಲಿನ್-1ರ 280ನೇ ಕೊಂಡಿಯ ದೋಷ ಹರಿದು ಬಂದಿದೆ. ಡಾ. ಫ್ರಾನ್ಸಿಸ್ಕೊ ಲೊಪೆರಾ ದಶಕಗಟ್ಟಲೆ ಅವರ ಮನೆಮನೆ ಸುತ್ತಿದರು. ದೋಷ ಇದ್ದವರಿಗೆ ಸುಮಾರು 44ಕ್ಕೆ ಮರೆವು ಶುರು. ಆದರೆ ಅದೇ ಬಳಗದ ಒಬ್ಬ ಹೆಂಗಸು ಎಪ್ಪತ್ತರವರೆಗೂ ಗಟ್ಟಿಯಾಗಿದ್ದರು! ಮಿದುಳಿನ ತುಂಬ ಅಮೈಲಾಯ್ಡ್ ಇತ್ತು, ಮರೆವು ಮಾತ್ರ ಇರಲಿಲ್ಲ. ಎಪಿಒಇ ಎಂಬ ಬೇರೊಂದು ಜೀನಿನ ಅಪರೂಪದ ರೂಪ ಅವರಿಗೆ ತಂದೆತಾಯಿ ಇಬ್ಬರಿಂದಲೂ ಬಂದಿತ್ತು, ಕಾಪಾಡಿದ್ದು ಅದೇ ಇರಬೇಕು ಅಂತ 2019ರಲ್ಲಿ ವರದಿ ಬಂತು.

ಎಂಜಲಿನ ಟೆಸ್ಟ್ ಬೇಡ. ಮನೆಗೆ ಬರುವ ಕೆಲವು ಕಿಟ್‌ಗಳು ಪ್ರೆಸೆನಿಲಿನ್ ಪೂರ್ತಿ ಓದುವುದೇ ಇಲ್ಲ, ಎಪಿಒಇ ಮಾತ್ರ ನೋಡಿ ರಿಸ್ಕ್ ಅಂತ ಬರೆದು ಕಳಿಸುತ್ತವೆ. ಆ ರಿಸ್ಕ್ ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಕುಟುಂಬದಲ್ಲಿ ಯಾರಿಗಾದರೂ 60ರ ಒಳಗೆ ಬಂದದ್ದು ಗೊತ್ತಾದರೆ ಮಾತ್ರ, ಅಪ್ಪನ ಕಡೆಯನ್ನೂ ವಿಚಾರಿಸಿ, ಮಣಿಪಾಲದ ಕೆಎಂಸಿಯಲ್ಲಿರುವಂಥ ಮೆಡಿಕಲ್ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ ಮೊದಲು ಮಾತಾಡಿ. ರಕ್ತ ಆಮೇಲೆ. ಅದೂ ಮೊದಲು ಕಾಯಿಲೆ ಇರುವವರದ್ದು, ಉಳಿದವರದ್ದು ನಂತರ. ನಿಮ್ಮ ಮಗಳಿಗೆ ಈಗ ಯಾವ ಟೆಸ್ಟೂ ಬೇಡ.

ಕಿಟ್‌ನ ದುಡ್ಡಲ್ಲಿ ನಿಮ್ಮ ಬಿಪಿ, ಶುಗರ್, ಥೈರಾಯ್ಡ್, ಬಿ12 ನೋಡಿಸಿಕೊಳ್ಳಿ. ಅಮ್ಮನ ಕಿವಿ ಮಂದವಾಗಿದ್ದರೆ ಅದನ್ನೂ ತೋರಿಸಿ. ತಮ್ಮ ಮುಂದಿನ ಸಲ ಊರಿಗೆ ಬಂದಾಗ ಒಂದು ವಾರ ರಾತ್ರಿ ಪಾಳಿ ಅವನಿಗೇ ಬಿಟ್ಟು ನೀವು ನಿದ್ದೆ ಮಾಡಿ.